ಹಾಲಿಗಿಳಿದ ಸೀಸ

ನಲ್ಲೂರು
14 ಜೂನ್ 2024

ಅತ್ತೆ,

ನಿಮಗೆ ಹೇಳದೆ ಮಗುವನ್ನು ಎತ್ತಿಕೊಂಡು ತವರಿಗೆ ಬಂದೆ. ಸಿಟ್ಟು ಬಂದಿರುತ್ತದೆ, ಬರಲಿ. ಫೋನಿನಲ್ಲಿ ಮಾತಾಡಿದರೆ ನಮ್ಮಿಬ್ಬರಲ್ಲಿ ಒಬ್ಬರು ಅಳುತ್ತೇವೆ, ಇನ್ನೊಬ್ಬರು ಕಟ್ ಮಾಡುತ್ತೇವೆ. ಅದಕ್ಕೇ ಕಾಗದ. ಕಾಗದದಲ್ಲಾದರೆ ಹೇಳಬೇಕಾದ್ದನ್ನು ಕೊನೆಯತನಕ ಹೇಳಬಹುದು. ಭಾನುವಾರ ನಿಮ್ಮ ಮಗ ಬಂದಾಗ ಅವರ ಕೈಯಲ್ಲೇ ಕೊಟ್ಟು ಕಳಿಸುತ್ತೇನೆ.

ಮೊನ್ನೆ ಪಾಪಕ್ಕನ ಮನೆಯ ನಾಮಕರಣದಲ್ಲಿ, ಪಂಕ್ತಿಗೆ ಎಲೆ ಹಾಕಿದ ಮೇಲೆ, ಎಲ್ಲರಿಗೂ ಕೇಳುವಂತೆ ನೀವು ಹೇಳಿದಿರಿ: “ನಮ್ಮ ಹರ್ಷಿತಾಗೆ ಐದು ತಿಂಗಳು ತುಂಬ್ತು. ನೋಡ್ದೋರು ಮೂರು ತಿಂಗಳ ಕೂಸಾ ಅಂತಾರೆ. ಏನ್ ಮಾಡೋದು, ಇವಳ ಹಾಲಲ್ಲಿ ಸತ್ವ ಇಲ್ಲ ಕಣಮ್ಮ. ಬರೀ ನೀರು.” ಆಮೇಲೆ ಚೀಲದಿಂದ ಪುಡಿಹಾಲಿನ ಡಬ್ಬ ತೆಗೆದು, ಬಾಟಲಿಯಲ್ಲಿ ಕಲಸಿ, ನನ್ನ ತೊಡೆಯ ಮೇಲಿದ್ದ ಮಗುವನ್ನು ಎತ್ತಿಕೊಂಡು ಕುಡಿಸಿದಿರಿ. ನಾನು ಎಲೆಯ ಮುಂದೆ ಕೂತೇ ಇದ್ದೆ. ಒಬ್ಬಟ್ಟು ಬಡಿಸಿದವರು ನನ್ನ ಮುಖ ನೋಡದೆ ಮುಂದೆ ಹೋದರು.

ಹರ್ಷಿತ ಬೆಳೆಯುತ್ತಿಲ್ಲ ಎನ್ನುವುದು ನನಗೂ ಕಾಣುತ್ತದೆ ಅತ್ತೆ. ಹುಟ್ಟಿದಾಗ ಚೆನ್ನಾಗಿಯೇ ಇದ್ದಳು. ಮೂರನೇ ತಿಂಗಳಿಂದ ಈಚೆಗೆ ತೂಕ ನಿಂತುಬಿಟ್ಟಿತು. ನೀರೆರೆಯುವಾಗ, ಬೇರೆ ಮಕ್ಕಳಿಗಿರುವ ತೊಡೆಯ ಮಡಿಕೆ ಇವಳಿಗೆ ಬರಲೇ ಇಲ್ಲವಲ್ಲ ಎಂದು ನಾನೂ ನೋಡಿದ್ದೇನೆ. ಹಾಲು ಇದೆ. ರವಿಕೆ ಒದ್ದೆಯಾಗುವಷ್ಟು ಇದೆ. ಅವಳೂ ಕುಡಿಯುತ್ತಾಳೆ. ಆದರೂ ಯಾಕೆ ಹೀಗೆ ಎನ್ನುವುದು ಗೊತ್ತಾಗಬೇಕು. ಗೊತ್ತಾಗುವ ತನಕ ಇಲ್ಲೇ ಇರುತ್ತೇನೆ. ಬೆಂಗಳೂರಿನ ದೊಡ್ಡ ಮಕ್ಕಳ ಆಸ್ಪತ್ರೆಗೆ ಹೋಗಲು ಅಣ್ಣನಿಗೆ ಹೇಳಿದ್ದೇನೆ.

ಡಬ್ಬ ಕಳಿಸಬೇಡಿ. ನಿಮ್ಮ ಕೈಯ ರಾಗಿ ಹುರಿಹಿಟ್ಟು ಕಳಿಸಿದರೆ ನಾನು ತಿನ್ನುತ್ತೇನೆ.

ರಂಜಿತ


ಸೊಣ್ಣೇಕುಂಟೆ, ಜಡಿಗೇನಹಳ್ಳಿ ಹೋಬಳಿ
22 ಜೂನ್ 2024

ರಂಜಿತಾಗೆ,

ನಿನ್ನ ಕಾಗದ ಓದಿದೆ. ಅಕ್ಷರ ಚೆನ್ನಾಗಿದೆ, ಸ್ಕೂಲಿನಲ್ಲಿ ಪಾಠ ಮಾಡಿದವಳಲ್ಲವೇ.

ನಾನೂ ಅಂಗನವಾಡಿ ಟೀಚರಾಗಿ ರಿಟೈರ್ ಆದವಳು. ಈ ಊರಿನಲ್ಲಿ ಇವತ್ತು ಮೀಸೆ ತಿರುವುವವರೆಲ್ಲ ನನ್ನ ತಕ್ಕಡಿಯ ಜೋಲಿಯಲ್ಲಿ ಕೈಕಾಲು ಬಡಿದವರೇ. ಮಗು ಬೆಳೆಯದಿದ್ದರೆ ಮೊದಲು ತಾಯಿಯ ಊಟ ನೋಡು, ಆಮೇಲೆ ಅವಳು ಕುಡಿಸುವ ರೀತಿ ನೋಡು. ಮನೆಮನೆಗೆ ಹೋಗಿ ಇದನ್ನೇ ಹೇಳಿದ್ದೇನೆ. ನೀನು ಮುದ್ದೆ ಅರ್ಧಕ್ಕೆ ಬಿಡುತ್ತೀಯ. ಕುಡಿಸುವಾಗ ಒಂದು ಕೈಯಲ್ಲಿ ಫೋನು. ಹೇಳಿದರೆ ಮುಖ ಊದುತ್ತದೆ. ನನ್ನ ಮನೆಯ ಕೂಸೇ ಒಣಗುತ್ತಿದ್ದರೆ ಊರಿನವರು ನನ್ನನ್ನು ಏನನ್ನಬೇಕು?

ನಾಲ್ಕು ಜನರ ಮುಂದೆ ಹೇಳಿದ್ದು ನಿನಗೆ ನಾಟಿದೆ ಎಂದು ನನ್ನ ಮಗ ಭಾನು ಹೇಳಿದ. ಕಂಡದ್ದನ್ನು ಹೇಳಿದೆ.

ಬ್ಯಾಟರಿ ಶೆಡ್ಡಿನಲ್ಲಿ ಇಷ್ಟು ವರ್ಷ ದುಡಿದ ಭಾನುವಿಗೆ ಈಗ ಸೂಪರ್‌ವೈಸರ್ ಕೆಲಸ ಆಯಿತು. ನನ್ನ ಜಮೀನನ್ನು ಶೆಡ್ಡಿಗೆ ಬಾಡಿಗೆಗೆ ಕೊಡುವಾಗ ಮಾಲೀಕ ಮೂರ್ತಿ ಮಾತು ಕೊಟ್ಟಿದ್ದ, ಉಳಿಸಿಕೊಂಡ. ಈಗ ಹಳೆಯ ಬ್ಯಾಟರಿಗಳು ಲಾರಿಗಟ್ಟಲೆ ಬರುತ್ತವೆ. ಒಡೆದು, ಒಳಗಿನ ಸೀಸ ಕರಗಿಸಿ, ಗಟ್ಟಿ ಮಾಡಿ ಕಳಿಸುತ್ತಾರೆ. ಹಿತ್ತಿಲ ಬೇಲಿ ದಾಟಿದರೆ ಕೆಲಸ, ಊಟದ ಹೊತ್ತಿಗೆ ಮನೆ. ಇಂಥ ಅನುಕೂಲ ಯಾರಿಗಿದೆ? ಮಗಳು ಇಲ್ಲದೆ ಅವನು ಊಟದ ಹೊತ್ತಿಗೂ ಬರುತ್ತಿಲ್ಲ.

ನಿನ್ನ ಮಾವ ತೂಗುಮಂಚದ ಪಕ್ಕದ ಜೋಲಿಯನ್ನು ಬಿಚ್ಚಲು ಬಿಡುತ್ತಿಲ್ಲ. ಹುರಿಹಿಟ್ಟು ಕಳಿಸಿದ್ದೇನೆ. ತುಪ್ಪ ಹಾಕಿಕೊಂಡು ತಿನ್ನು, ಒಣ ಹಿಟ್ಟು ಮುಕ್ಕಬೇಡ.

ಅನುಸೂಯಮ್ಮ


ನಲ್ಲೂರು
20 ಜುಲೈ 2024

ಅತ್ತೆ,

ಈ ಕಾಗದವನ್ನು ಕೂತು ಓದಿ. ಮಾವನವರಿಗೂ ಓದಿ ಹೇಳಿ.

ಆಸ್ಪತ್ರೆಯಲ್ಲಿ ವಯಸ್ಸಾದ ಡಾಕ್ಟರಮ್ಮ ಒಬ್ಬರು ಹರ್ಷಿತಳನ್ನು ತಿರುಗಿಸಿ ಮುರುಗಿಸಿ ನೋಡಿದರು. ನಾನು ಕುಡಿಸುವುದನ್ನು ಎದುರಿಗೇ ಕೂತು ನೋಡಿದರು. “ಹಾಲು ಸಾಕಷ್ಟಿದೆ, ಕುಡಿಯೋದೂ ಸರಿಯಾಗಿದೆ,” ಎಂದರು. ಆಮೇಲೆ ಕೇಳಿದರು, “ಯಜಮಾನ್ರು ಏನ್ ಕೆಲಸ ಮಾಡ್ತಾರಮ್ಮ?”

“ಹಳೇ ಬ್ಯಾಟರಿ ಒಡೆದು ಸೀಸ ಕರಗಿಸೋ ಶೆಡ್ಡಲ್ಲಿ,” ಅಂದೆ.

ಅವರು ಬರೆಯುವುದನ್ನು ನಿಲ್ಲಿಸಿದರು. “ಶೆಡ್ಡು ಮನೆಗೆ ಎಷ್ಟು ದೂರ?”

“ಹಿತ್ತಿಲ ಬೇಲಿ ಆಚೆ.”

ಮಗುವಿನ ರಕ್ತ, ನನ್ನ ರಕ್ತ, ನನ್ನ ಹಾಲು, ಮೂರನ್ನೂ ಪರೀಕ್ಷೆಗೆ ಕಳಿಸಿದರು. ಮೂರರಲ್ಲೂ ಸೀಸ ಇದೆ ಅತ್ತೆ. ಇರಬಾರದಷ್ಟು ಇದೆ. ಅವರು ಹೇಳಿದ್ದು ನನಗೆ ಅರ್ಥವಾದಷ್ಟು ಬರೆಯುತ್ತೇನೆ. ಶೆಡ್ಡಿನ ಒಲೆಯ ಹೊಗೆಯಲ್ಲಿ, ಬಟ್ಟೆಗೆ ಹತ್ತಿದ ಧೂಳಿನಲ್ಲಿ ಸೀಸ ಬರುತ್ತದೆ. ಮೈಯೊಳಗೆ ಹೋದರೆ ಸುಣ್ಣದ ಅಂಶದ ಹಾಗೆ ಮೂಳೆಯಲ್ಲಿ ಕೂತುಬಿಡುತ್ತದೆ. ಬಸುರಿಯಾದಾಗ, ಬಾಣಂತಿಯಾದಾಗ ಮೈ ಮೂಳೆಯ ಸುಣ್ಣವನ್ನು ಮಗುವಿಗೆ ಕೊಡುತ್ತದಲ್ಲ, ಅದರ ಜೊತೆಗೆ ಇದೂ ಹೊರಡುತ್ತದೆ. ಹೊಟ್ಟೆಯಲ್ಲಿದ್ದಾಗಲೇ ಸ್ವಲ್ಪ ಅವಳಿಗೆ ಹೋಗಿದೆ. ಹಾಲಿನಲ್ಲಿ ಸ್ವಲ್ಪ. ನೆಲದ ಧೂಳಿನಿಂದ, ಅಪ್ಪನ ಅಂಗಿಯಿಂದ ಅದಕ್ಕಿಂತ ಹೆಚ್ಚು. ಕೆಲಸದಿಂದ ಬಂದವರೇ ಇವರು ಅವಳನ್ನು ಎದೆಗೆ ಒತ್ತಿಕೊಳ್ಳುತ್ತಿದ್ದರು, ಅವಳು ಅಂಗಿಯ ಗುಂಡಿ ಚೀಪುತ್ತಿದ್ದಳು. ನಾವು ನೋಡಿ ನಗುತ್ತಿದ್ದೆವು.

ಸೀಸದಿಂದ ಅವಳಿಗೆ ರಕ್ತ ಕಡಿಮೆಯಾಗಿದೆ. ಬೆಳವಣಿಗೆಗೂ ಇದು ಅಡ್ಡ ಬರುತ್ತದಂತೆ.

ಮನೆಗೆ ಬಂದ ಮೇಲೆ ನನಗೆ ಅವಳನ್ನು ಎದೆಗೆ ಹಾಕಿಕೊಳ್ಳಲು ಆಗಲಿಲ್ಲ. ಹಾಲನ್ನು ಹಿಂಡಿ ಬಚ್ಚಲಿಗೆ ಚೆಲ್ಲಿದೆ. ಅವಳು ಬಾಯಿ ತೆರೆದು ನನ್ನ ಕಡೆಗೇ ತಿರುಗಿ ಅಳುತ್ತಿದ್ದಳು. ಅಮ್ಮ ಚಮಚದಲ್ಲಿ ಏನೇನೋ ಕೊಡಲು ನೋಡಿದರು, ಉಗುಳಿದಳು. ಕೊನೆಗೆ ಅಣ್ಣ ಡಾಕ್ಟರಮ್ಮನಿಗೆ ಫೋನ್ ಹಚ್ಚಿ ನನ್ನ ಕೈಗೆ ಕೊಟ್ಟ. ಅವರು ಬೈದರು. “ಹಾಲು ನಿಲ್ಲಿಸಿ ಅಂತ ನಾನ್ ಹೇಳಿದ್ನಾ? ನಿಮ್ಮ ರಕ್ತದಲ್ಲಿರೋ ಮಟ್ಟಕ್ಕೆ ಕುಡಿಸ್ಬಹುದು, ಕುಡಿಸ್ಬೇಕು. ನಿಮ್ಮ ಹಾಲು ಕೆಟ್ಟಿಲ್ಲಮ್ಮ. ಅದಕ್ಕೇನೋ ಬಂದು ಸೇರ್ಕೊಂಡಿದೆ. ಅದು ಬರೋ ದಾರಿ ಮುಚ್ಚಿ.” ಆ ಮನೆಯ ತೊಟ್ಟಿಯ ನೀರಿನಲ್ಲಿ ಪುಡಿ ಕಲಸಿ ಕೊಟ್ಟಿದ್ದರೆ ಇನ್ನೂ ಕೆಡುಕು ಎಂದರು.

ಅವಳನ್ನು ಎತ್ತಿಕೊಂಡೆ. ಕುಡಿದಳು.

ದಾರಿ ಮುಚ್ಚಬೇಕು ಅತ್ತೆ. ಇವರು ಆ ಕೆಲಸ ಬಿಡಬೇಕು. ಇವರ ಬಟ್ಟೆ ಒಗೆಯುವವರು ನೀವು, ನೀವೂ ರಕ್ತ ಕೊಡಬೇಕು. ಇನ್ನೊಂದು ಮಾತು ಸೊಸೆ ಹೇಳಬಾರದ್ದು, ಹೇಳುತ್ತೇನೆ. ಶೆಡ್ಡು ನಿಂತಿರುವ ಜಮೀನು ನಿಮ್ಮ ಹೆಸರಿನಲ್ಲಿದೆ.

ರಂಜಿತ


ಸೊಣ್ಣೇಕುಂಟೆ
3 ಆಗಸ್ಟ್ 2024

ರಂಜಿತಾಗೆ,

ಕಾಗದ ಬಂತು. ಮಾವನಿಗೆ ಓದಿ ಹೇಳಿದೆ. ಅವರು ಎದ್ದು ಹೊರಗೆ ಹೋದರು.

ಭಾನು ಈಗ ಕೊಟ್ಟಿಗೆಯಲ್ಲೇ ಬಟ್ಟೆ ಬದಲಾಯಿಸಿ ಒಳಗೆ ಬರುತ್ತಾನೆ. ನಾನೇ ಹೇಳಿದೆ. ಅವನಿಗೆ ನಗು. “ಡಾಕ್ಟ್ರುಗಳು ಹಂಗೇ ಹೆದರಿಸ್ತಾರಮ್ಮ. ನಮ್ಮ ಹುಡುಗ್ರು ವರ್ಷಾನುಗಟ್ಟಲೆ ಕೆಲಸ ಮಾಡ್ತಾವ್ರೆ, ಯಾರಿಗೇನಾಗೈತೆ?” ಎಂದ.

ಜಮೀನಿನ ಮಾತು ಎತ್ತಬೇಡ. ಅದು ನನ್ನಪ್ಪ ಅರಿಶಿನ ಕುಂಕುಮಕ್ಕೆಂದು ಕೊಟ್ಟದ್ದು. ಊರಿನ ಎಷ್ಟೋ ಮನೆಯ ಗಂಡಸರು ಅಲ್ಲಿ ದುಡಿಯುತ್ತಾರೆ. ನಿನಗೆ ಬರೆದಷ್ಟು ಸುಲಭವಲ್ಲ.

ಸೀಮೆ ಹಸುವಿನ ಕರು ಗೋಡೆಗೆ ತಲೆ ಒತ್ತಿಕೊಂಡು ನಿಲ್ಲುತ್ತಿದೆ. ಬಿಟ್ಟರೆ ಒಂದೇ ಕಡೆಗೆ ಸುತ್ತುತ್ತದೆ. ಕೈ ಆಡಿಸಿದರೆ ಕಣ್ಣು ಮಿಟುಕಿಸುವುದಿಲ್ಲ. ಶೆಡ್ಡಿನ ಬೇಲಿಯ ಹುಲ್ಲು ಮೇಯ್ದು ಹೊಟ್ಟೆ ಕೆಟ್ಟಿರಬೇಕು ಎನ್ನುತ್ತಾರೆ ನಿನ್ನ ಮಾವ.

ಮಗು ಹಾಲು ಕುಡಿಯುತ್ತಿದೆಯೇ? ನಿನ್ನದೇ ತಾನೇ?

ಅನುಸೂಯಮ್ಮ


ನಲ್ಲೂರು
24 ಆಗಸ್ಟ್ 2024

ಅತ್ತೆ,

ನನ್ನದೇ.

ಕಬ್ಬಿಣದ ಹನಿ ಹಾಕುತ್ತಿದ್ದೇನೆ. ಆರು ತಿಂಗಳು ದಾಟಿದ್ದರಿಂದ ಮೆತ್ತಗೆ ಬೇಯಿಸಿದ ಬೇಳೆ ಅನ್ನ, ರಾಗಿ ಸರಿ ಶುರು ಮಾಡಿದ್ದೇನೆ. ತೂಕ ಸ್ವಲ್ಪ ಏರಿದೆ. ಹೆಚ್ಚೇನಲ್ಲ, ಆದರೆ ಏರಿದೆ. ನಿಂತ ಮುಳ್ಳು ಕದಲಿತು ಎನ್ನುವುದು ನಿಮಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ.

ಇಲ್ಲಿಯೂ ಸುದ್ದಿ ಹಬ್ಬಿದೆ. ಹುಣಸೆ ತೋಪಿನ ಕಡೆ ಮಗುವನ್ನು ಎತ್ತಿಕೊಂಡು ಹೋಗಿದ್ದಾಗ ಒಬ್ಬರು ಕೇಳಿಯೇಬಿಟ್ಟರು, “ವಿಷದ ಹಾಲಂತಲ್ಲಮ್ಮ, ಇನ್ನೂ ಯಾಕ್ ಕುಡಿಸ್ತೀಯ?” ಅಲ್ಲೇ ಮರದ ಬೇರಿನ ಮೇಲೆ ಕೂತು, ಸೆರಗು ಹೊದ್ದು, ಅವರೆದುರಿಗೇ ಕುಡಿಸಿದೆ. ಹೀಗೆ ಮಾಡುವಷ್ಟು ಧೈರ್ಯ ನನಗೆ ಮೊದಲು ಇರಲಿಲ್ಲ.

ಕರು ಹೋಯಿತೆಂದು ಇವರು ಹೇಳಿದರು. ಅದರ ಬಗ್ಗೆ ನಾನು ಏನೂ ಬರೆಯುವುದಿಲ್ಲ. ಕಣ್ಣಾರೆ ನೋಡಿದವರು ನೀವು.

ರಂಜಿತ


ಸೊಣ್ಣೇಕುಂಟೆ
5 ಅಕ್ಟೋಬರ್ 2024

ರಂಜಿತಾಗೆ,

ಇಷ್ಟು ದಿನ ಬರೆಯಲಿಲ್ಲ. ಬರೆಯಲು ಏನಾದರೂ ಆಗಲಿ ಎಂದು ಕಾದೆ.

ಕರು ಸತ್ತ ಮಾರನೇ ದಿನ ನಾನೊಬ್ಬಳೇ ಹೊಸಕೋಟೆಗೆ ಹೋಗಿ ಲ್ಯಾಬಿನಲ್ಲಿ ರಕ್ತ ಕೊಟ್ಟು ಬಂದೆ. ನನಗೂ ಇದೆ. ನಿನಗಿಂತ ಹೆಚ್ಚು. ಮೊಣಕೈ ನೋವು, ಕೈ ಜೋಮು ಎಲ್ಲ ವಯಸ್ಸಿನದು ಎಂದುಕೊಂಡಿದ್ದೆ.

ಆಮೇಲೆ ಪಾಪಕ್ಕನನ್ನು ಕರೆದುಕೊಂಡು ಮನೆಮನೆಗೆ ಹೊರಟೆ. ಈಗ ಅಂಗನವಾಡಿ ಅವಳದೇ ಅಲ್ಲವೇ. ಶೆಡ್ಡಿನ ಸುತ್ತಲ ಮನೆಗಳ ಮಕ್ಕಳನ್ನೆಲ್ಲ ಹತ್ತಿರದಿಂದ ನೋಡಿದೆ. ತೆಳ್ಳಗೆ, ಬಿಳಿಚಿಕೊಂಡು, ಯಾವಾಗಲೂ ಹೊಟ್ಟೆ ನೋವೆನ್ನುವ ಮಕ್ಕಳು. ಎರಡೂವರೆ ವರ್ಷವಾದರೂ ಸರಿಯಾಗಿ ಮಾತು ಬಾರದ ಒಂದು. ಇವರನ್ನೆಲ್ಲ ದಿನಾ ನೋಡುತ್ತಲೇ ಇದ್ದೆ, ನೋಡಿರಲಿಲ್ಲ. “ಯಾಕಕ್ಕಾ, ಇಲ್ಲದ ಕಾಯಿಲೆ ಹುಡುಕ್ಕೊಂಡ್ ಬಂದೆ?” ಎಂದು ಒಬ್ಬಳು ಬಾಗಿಲು ಹಾಕಿಕೊಂಡಳು. ಮಾರನೇ ದಿನ ಮತ್ತೆ ಹೋದೆ. ಅದರ ಮಾರನೇ ದಿನವೂ ಹೋದೆ. ಬಾಗಿಲು ತೆಗೆದು, “ಕಾಫಿ ಕುಡೀರಿ, ಆಮೇಲೆ ಬೈತೀನಿ,” ಎಂದಳು. ಕುಡಿದೆ.

ನಿನ್ನ ಡಾಕ್ಟರಮ್ಮನಿಗೆ ನಾನೇ ಫೋನ್ ಮಾಡಿದೆ. ಅವರು ತಮ್ಮವರನ್ನು ಕಳಿಸಿ ಅಂಗನವಾಡಿಯಲ್ಲೇ ಮಕ್ಕಳ ರಕ್ತ ತೆಗೆಸಿದರು. ಶೆಡ್ಡಿನ ಮಗ್ಗುಲ ಮನೆಗಳ ಮಕ್ಕಳಿಗೆಲ್ಲ ಹೆಚ್ಚೇ. ಶೆಡ್ಡಿನಲ್ಲಿ ಒಲೆ ನೋಡಿಕೊಳ್ಳುವ ಚಲಪತಿಯ ಮಗಳಿಗೆ ಎಲ್ಲರಿಗಿಂತ ಹೆಚ್ಚು. ಅವನ ಹೆಂಡತಿ ಅಕ್ಷತ ಈಗ ಮತ್ತೆ ಬಸುರಿ.

ಸುದ್ದಿ ಕೇಳಿ ಮೂರ್ತಿ ಮನೆಗೆ ಬಂದ, ಕೈಯಲ್ಲಿ ಸ್ವೀಟಿನ ಡಬ್ಬ.

“ಏನಮ್ಮಾ, ಊರೆಲ್ಲಾ ಹೆದರಿಸ್ತಿದ್ದೀರಂತೆ?”

“ಹೆದರಿಸ್ತಿಲ್ಲಪ್ಪಾ. ರಕ್ತ ಕೊಡಿ ಅಂತಿದ್ದೀನಿ. ನೀನೂ ಕೊಡು.”

“ಚಿಮಣಿ ಎತ್ತರ ಮಾಡಿಸ್ತೀನಿ ಬಿಡಿ.”

“ಎತ್ತರ ಮಾಡಿದ್ರೆ ಪಕ್ಕದೂರಿನ ಕೂಸಿನ ಮೇಲೆ ಬೀಳ್ತದೆ.”

“ನಿಮ್ಮ ಮಗನ ಕೆಲಸಾನೂ ಹೋಗುತ್ತೆ, ಯೋಚನೆ ಮಾಡಿ.”

“ಮಾಡಿಬಿಟ್ಟಿದ್ದೀನಿ. ಜಮೀನು ಖಾಲಿ ಮಾಡು.”

ಅವನು ಹೋದ ಮೇಲೆ ನಿನ್ನ ಮಾವ ಕೂಗಾಡಿದರು. “ಸೊಸೆ ಮಾತು ಕಟ್ಕೊಂಡು ಮನೆಗೆ ಬರೋದನ್ನ ಒದೀತೀಯೇನೇ?” ಎಂದರು. ಎರಡು ಹೊತ್ತು ನನ್ನ ಕೈಯ ಊಟ ಮಾಡಲಿಲ್ಲ. ಮೂರನೇ ಹೊತ್ತಿಗೆ ತಾವೇ ತಟ್ಟೆ ತಂದುಕೊಂಡು ಕೂತು, “ಆ ಮಗೂಗೆ ಈಗ ಎಷ್ಟು ತೂಕ?” ಎಂದು ಕೇಳಿದರು.

ವಕೀಲರಿಂದ ಮೂರ್ತಿಗೆ ನೋಟಿಸ್ ಕೊಡಿಸಿದ್ದೇನೆ. ಸರ್ಕಾರಕ್ಕೂ ದೂರು ಬರೆದು, ಮಕ್ಕಳ ತಾಯಂದಿರ ಸಹಿ ಹಾಕಿಸಿದ್ದೇನೆ. ಅಕ್ಷತ ಮಾತ್ರ ಹಾಕಲಿಲ್ಲ. ಭಾನು ನನ್ನ ಜೊತೆ ಮಾತು ಬಿಟ್ಟಿದ್ದಾನೆ. ಈ ಕಾಗದವನ್ನು ಅವನ ಕೈಗೆ ಕೊಡದೆ ಪೋಸ್ಟಿಗೆ ಹಾಕುತ್ತಿರುವುದು ಅದಕ್ಕೇ.

ಅನುಸೂಯಮ್ಮ


ನಲ್ಲೂರು
28 ಅಕ್ಟೋಬರ್ 2024

ಅತ್ತೆ,

ಇವರು ನಿನ್ನೆ ಬಂದಿದ್ದರು. ಹಿಂದಿನ ಭಾನುವಾರ ಬಂದಾಗ ಜಗಳವಾಗಿತ್ತು. “ನಮ್ಮಮ್ಮನ್ನ ನೀನೇ ಎತ್ತಿಕಟ್ಟಿರೋದು. ನನ್ನ ಕೆಲಸ ಕಳೆದು ಏನ್ ಸಾಧಿಸ್ತೀಯ?” ಎಂದು ಕೂಗಿದ್ದರು. “ನಿಮ್ಮಮ್ಮನ್ನ ಎತ್ತಿಕಟ್ಟೋರು ಇನ್ನೂ ಹುಟ್ಟಿಲ್ಲ,” ಎಂದೆ. ನೀರೂ ಕುಡಿಯದೆ ಹೊರಟುಹೋದರು.

ನಿನ್ನೆ ಬಂದವರು ಗೇಟಿನ ಹತ್ತಿರವೇ ನಿಂತರು. ಅಂಗಳದಲ್ಲಿ ಹರ್ಷಿತ ಚಾಪೆಯ ಮೇಲೆ ಕೂತಿದ್ದಳು. ಈಗ ಆಸರೆ ಇಲ್ಲದೆ ಕೂರುತ್ತಾಳೆ. ಅಪ್ಪನನ್ನು ನೋಡಿ ಎರಡೂ ಕೈ ಚಾಚಿದಳು. ಇವರು ಹತ್ತಿರ ಬರಲಿಲ್ಲ. “ಸೋಪ್ ಕೊಡು,” ಎಂದರು. ನಲ್ಲಿಯ ಕೆಳಗೆ ತಲೆಯಿಂದ ಕಾಲಿನವರೆಗೆ ತೊಳೆದುಕೊಂಡರು. ಉಗುರಿನ ಸಂದಿಯನ್ನು ಕಡ್ಡಿಯಿಂದ ಕೆರೆದರು. ಅಣ್ಣನ ಪಂಚೆ ಉಟ್ಟುಕೊಂಡರು. ಅಷ್ಟು ಹೊತ್ತೂ ಅವಳು ಕೈ ಚಾಚಿಕೊಂಡೇ ಕರೆಯುತ್ತಿದ್ದಳು. ಆಮೇಲೆ ಎತ್ತಿಕೊಂಡರು. ಮುಖ ಅವಳ ಹೊಟ್ಟೆಗೆ ಒತ್ತಿಕೊಂಡರು. ನಾನು ಒಳಗೆ ಬಂದುಬಿಟ್ಟೆ.

ಊಟ ಮಾಡುವಾಗ ಹೇಳಿದರು, ಗುಟ್ಟಾಗಿ ರಕ್ತ ಕೊಟ್ಟಿದ್ದರಂತೆ. ಡಾಕ್ಟರು ಕೂಡಲೇ ಕೆಲಸ ಬಿಡಿ ಎಂದರಂತೆ. “ಹುಡುಗ್ರನ್ನ ಅಲ್ಲೇ ಬಿಟ್ಟು ನಾನೊಬ್ಬನೇ ಹೆಂಗ್ ಬರ್ಲಿ? ಅವರನ್ನ ಕೆಲಸಕ್ಕೆ ಸೇರಿಸಿದೋನೇ ನಾನು,” ಎಂದರು. ಅವರ ತಟ್ಟೆಗೆ ಇನ್ನೊಂದು ಸೌಟು ಸಾರು ಬಡಿಸಿದೆ.

ನೀವು ಅವರನ್ನು ಏನೂ ಕೇಳಬೇಡಿ. ಊಟ ಮಾತ್ರ ಸರಿಯಾಗಿ ಹಾಕಿ.

ರಂಜಿತ


ಸೊಣ್ಣೇಕುಂಟೆ
1 ಡಿಸೆಂಬರ್ 2024

ರಂಜಿತಾಗೆ,

ಶೆಡ್ಡು ನಿಂತಿತು.

ಅಧಿಕಾರಿಗಳು ಬಂದು ಮಣ್ಣು, ನೀರು ತೆಗೆದುಕೊಂಡು ಹೋದರು. ಸೀಸ ಕರಗಿಸಲು ಮೂರ್ತಿಗೆ ಅನುಮತಿಯೇ ಇರಲಿಲ್ಲವಂತೆ. ನಿಲ್ಲಿಸು ಎಂದು ಆದೇಶ ಬಂತು. ಒಂದು ವಾರ ಸುಮ್ಮನಿದ್ದು ಮತ್ತೆ ಒಲೆ ಹಚ್ಚಿಸಿದ. ಹೋದ ವಾರದ ಗುರುವಾರ ಬೆಳಿಗ್ಗೆ ಹೊಗೆ ಕಂಡ ಕೂಡಲೇ ಪಾಪಕ್ಕ ಓಡಿ ಬಂದಳು. ನಾನು ಸೌದೆ ಮನೆಯ ಬೀಗ ಕಿತ್ತುಕೊಂಡು ಹೋದೆ. ದಾರಿಯಲ್ಲಿ ಒಬ್ಬೊಬ್ಬರೇ ಹೆಂಗಸರು ಸೇರಿಕೊಂಡರು, ಕಂಕುಳಲ್ಲಿ ಮಕ್ಕಳು. ಗೇಟಿನ ಮುಂದೆ ಬ್ಯಾಟರಿ ತುಂಬಿದ ಲಾರಿ ಒಳಗೆ ಹೋಗಲು ಕಾಯುತ್ತಿತ್ತು. ನಾವು ಅದರ ಮುಂದೆ ಕೂತೆವು.

ಒಳಗಿನಿಂದ ಮೂರ್ತಿ ಭಾನುವನ್ನು ಕಳಿಸಿದ. ಅವನು ಗೇಟಿನ ಆ ಕಡೆ, ನಾನು ಈ ಕಡೆ.

“ಏಳಮ್ಮ. ಮರ್ಯಾದೆ ತೆಗೀಬೇಡ.”

“ಒಳಗಿರೋರನ್ನೆಲ್ಲಾ ಕರ್ಕೊಂಡು ಆಚೆ ಬಾ. ಬೀಗ ಹಾಕ್ಬೇಕು.”

 ಅವನು ತಿರುಗಿ ಹಿಂದಕ್ಕೆ ಹೋದ. ಹೋಗಿಯೇಬಿಟ್ಟ ಎಂದುಕೊಂಡೆ. ಸ್ವಲ್ಪ ಹೊತ್ತಿಗೆ ಹೊಗೆ ಕಡಿಮೆಯಾಯಿತು. ಒಲೆ ಆರಿಸಿ, ಹುಡುಗರನ್ನೆಲ್ಲ ಮುಂದೆ ಬಿಟ್ಟುಕೊಂಡು ಹೊರಗೆ ಬಂದ. ನನ್ನ ಮುಖ ನೋಡಲಿಲ್ಲ. ಸೀದಾ ಮನೆಗೆ ಹೋಗಿ ಮಲಗಿದ. ನಾನು ಬೀಗ ಹಾಕಿದೆ. ಪೊಲೀಸರು ಬಂದರು, ಆದೇಶದ ಪ್ರತಿ ತೋರಿಸಿದೆವು, ಲಾರಿಯನ್ನು ಹಿಂದಕ್ಕೆ ಕಳಿಸಿದರು.

ಗೆದ್ದೆವೆಂದು ಯಾರೂ ಕುಣಿಯಲಿಲ್ಲ. ಸಂಜೆ ಅಕ್ಷತ ಬಂದು ನಮ್ಮ ಅಂಗಳದಲ್ಲಿ ನಿಂತು ಬೈದಳು. “ನಾಳೆಯಿಂದ ನಾನ್ ಏನ್ ಬೇಯಿಸ್ಲಿ? ನಿಮ್ಮ ಮೊಮ್ಮಗಳು ಅಜ್ಜಿ ಮನೇಲಿ ಸೊಂಪಾಗವ್ಳೆ. ನಮಗೆ ಹೋಗಕ್ಕೆ ಎಲ್ಲೈತೆ ಜಾಗ?” ಆರು ತಿಂಗಳ ಬಸುರಿ. ಕೂತುಕೋ ಎಂದರೆ ಕೂರಲಿಲ್ಲ.

ಭಾನು ಎದ್ದು ಬಂದು ಎಲ್ಲ ಕೇಳಿಸಿಕೊಂಡ. ಮಾರನೇ ದಿನದಿಂದ ಹೊಸಕೋಟೆಯ ಕಡೆಯ ಗೋದಾಮುಗಳಿಗೆ ತಿರುಗುತ್ತಿದ್ದಾನೆ. ತನಗೂ, ಹುಡುಗರಿಗೂ. ಚಲಪತಿಗೆ ಮೊದಲು ಕೆಲಸ ಸಿಕ್ಕಿತು, ಲೋಡಿಂಗಿಗೆ. ಭಾನುವಿಗೆ ಇನ್ನೂ ಇಲ್ಲ.

ನನ್ನ ಜೊತೆ ಮಾತಾಡಿದ. “ಅಮ್ಮಾ, ಸಾರಿಗೆ ಉಪ್ಪು ಕಮ್ಮಿ,” ಎಂದ.

ಅನುಸೂಯಮ್ಮ


ನಲ್ಲೂರು
8 ಫೆಬ್ರವರಿ 2025

ಅತ್ತೆ,

ಹರ್ಷಿತಳಿಗೆ ವರ್ಷ ತುಂಬಿದ ಮೇಲೆ ಮತ್ತೆ ಪರೀಕ್ಷೆ ಮಾಡಿಸಿದೆ. ತೂಕ ಅವಳ ವಯಸ್ಸಿಗೆ ಇರಬೇಕಾದ ಕನಿಷ್ಠ ಗೆರೆಯನ್ನು ಮುಟ್ಟಿದೆ. ಗೋಡೆ ಹಿಡಿದು ನಿಲ್ಲುತ್ತಾಳೆ. ರಕ್ತದಲ್ಲಿ ಸೀಸ ಇಳಿದಿದೆ, ನನ್ನ ಹಾಲಿನಲ್ಲೂ ಇಳಿದಿದೆ. ಪೂರ್ತಿ ಹೋಗಿಲ್ಲ.

“ಇವಳು ಎಲ್ಲರ ಹಾಗೆ ಆಗ್ತಾಳಾ?” ಎಂದು ಡಾಕ್ಟರಮ್ಮನನ್ನು ಕೇಳಿದೆ. ಅವರು ಸುಳ್ಳು ಹೇಳಲಿಲ್ಲ. “ಬೆಳೀತಾಳೆ. ಮಾತು, ಕಲಿಯೋದು, ಇದನ್ನೆಲ್ಲ ಸ್ಕೂಲಿಗೆ ಹೋಗೋ ತನಕ ನೋಡ್ತಾ ಇರ್ಬೇಕು. ನೀವು ಜೊತೆಗೆ ಕೂತು ಮಾತಾಡಿ, ಆಡಿಸಿ, ಕಥೆ ಹೇಳಿ. ಅದೂ ಔಷಧಿನೇ,” ಎಂದರು. ಮನೆಗೆ ಬರುವ ಬಸ್ಸಿನಲ್ಲಿ ನನಗೆ ಎಲ್ಲರ ಮೇಲೂ ಸಿಟ್ಟು ಬಂತು. ಆಮೇಲೆ ಕಿಟಕಿಯ ಹೊರಗೆ ಕಂಡದ್ದನ್ನೆಲ್ಲ ಹೆಸರು ಹಿಡಿದು ತೋರಿಸುತ್ತಾ ಬಂದೆ. ಎತ್ತು. ಟ್ರ್ಯಾಕ್ಟರು. ದ್ರಾಕ್ಷಿ ಚಪ್ಪರ. ಊರು ಹತ್ತಿರವಾಗುವ ಹೊತ್ತಿಗೆ ಅವಳು ನನ್ನ ಬೆರಳನ್ನು ತಾನೇ ಹಿಡಿದು ತೋರಿಸತೊಡಗಿದ್ದಳು. ನಮ್ಮಿಬ್ಬರ ಗಲಾಟೆಗೆ ಪಕ್ಕದಲ್ಲಿ ಕೂತವರು ಎದ್ದು ಬೇರೆ ಸೀಟಿಗೆ ಹೋದರು.

ಇವರಿಗೆ ಗೋದಾಮಿನಲ್ಲಿ ಕೆಲಸ ಸಿಕ್ಕಿದ್ದು ಒಳ್ಳೆಯದಾಯಿತು. ನಾನು ಬರುತ್ತೇನೆ ಅತ್ತೆ, ಆದರೆ ಆ ಮನೆಗಲ್ಲ. ಹಿತ್ತಿಲ ಮಣ್ಣು ತೆಗೆಸಿ, ಹೊಸ ಮಣ್ಣು ಹಾಕಿಸಿ, ಪರೀಕ್ಷೆ ಮಾಡಿಸುವ ತನಕ ಅಲ್ಲಿ ಯಾರೂ ಇರಬಾರದು, ನೀವೂ, ಮಾವನವರೂ. ಜಡಿಗೇನಹಳ್ಳಿಯಲ್ಲಿ ಎಲ್ಲರಿಗೂ ಸಾಲುವ ಬಾಡಿಗೆ ಮನೆ ನೋಡಲು ಇವರಿಗೆ ಹೇಳಿದ್ದೇನೆ. ಜೂನಿನಿಂದ ಅಲ್ಲೇ ಸ್ಕೂಲಿನಲ್ಲಿ ಕೆಲಸಕ್ಕೂ ಕೇಳಿದ್ದೇನೆ. ಇದು ಕೇಳಿಕೊಳ್ಳುವುದಲ್ಲ, ತೀರ್ಮಾನ ಮಾಡಿದ್ದೇನೆ.

ನೀವು ನನಗೆ ಎಷ್ಟೋ ಬರೆದಿದ್ದೀರಿ. ಅವತ್ತಿನ ಪಂಕ್ತಿಯ ಮಾತಿಗೆ ಬರೆಯಬೇಕಾದ ಒಂದು ಮಾತು ಮಾತ್ರ ಬರೆದಿಲ್ಲ. ಬರೆಯಿರಿ ಎಂದು ನಾನು ಕೇಳುವುದಿಲ್ಲ.

ರಂಜಿತ


ಸೊಣ್ಣೇಕುಂಟೆ
15 ಮಾರ್ಚ್ 2025

ರಂಜಿತಾಗೆ,

ಮನೆ ಸಿಕ್ಕಿದೆ. ಎರಡು ರೂಮು, ಮೇಲೆ ಬಿಸಿಲು ಮಾಳಿಗೆ. ನಿನ್ನ ಮಾವ ಗೊಣಗುತ್ತಲೇ ಹೋಗಿ ನೆಲವನ್ನೆಲ್ಲ ಒದ್ದೆ ಬಟ್ಟೆಯಲ್ಲಿ ಒರೆಸಿ ಬಂದಿದ್ದಾರೆ. ಸೊಸೆ ಹೇಳಿದ ಮೇಲೆ ಹಾಗೆಯೇ ಆಗಬೇಕಂತೆ. ಶೆಡ್ಡಿನ ಜಾಗಕ್ಕೆ ಬೇಲಿ ಹಾಕಿಸಿದ್ದೇನೆ. ಅಲ್ಲಿ ಇನ್ನು ಬಹಳ ವರ್ಷ ಸೊಪ್ಪು ಕೂಡ ಬೆಳೆಯುವ ಹಾಗಿಲ್ಲ ಎಂದರು. ಮಣ್ಣು ತೆಗೆಸುವ ಖರ್ಚು ಮೂರ್ತಿಯೇ ಕೊಡಬೇಕೆಂದು ಕೇಸು ಹಾಕಿದ್ದೇವೆ. ನಾನು ಸತ್ತರೂ ಆ ಕೇಸು ನಡೆಯಬೇಕು, ಭಾನುವಿಗೆ ಹೇಳಿದ್ದೇನೆ.

ಅಕ್ಷತಳಿಗೆ ಹೆರಿಗೆಯಾಗಿದೆ. ಗಂಡುಮಗು. ಅವಳ ರಕ್ತವನ್ನೂ ನೋಡಿದ್ದಾರೆ, ಕುಡಿಸಬಹುದು ಎಂದು ಡಾಕ್ಟರಮ್ಮ ಹೇಳಿ ಕಳಿಸಿದ್ದಾರೆ. ಆದರೂ ಮನೆಯವರು ಅವಳ ಎದೆಹಾಲು ನಿಲ್ಲಿಸಿಬಿಟ್ಟಿದ್ದಾರೆ. ಸೀಸದ ಹಾಲಂತೆ. ಬಾಟಲಿಯ ಹಾಲಿಗೆ ಕೂಸಿಗೆ ಭೇದಿ ಹತ್ತಿದೆ. ಇವಳು ಎದೆ ಕಟ್ಟಿಕೊಂಡು, ಜ್ವರ ಬಂದು, ಗೋಡೆ ಕಡೆ ತಿರುಗಿ ಮಲಗಿದ್ದಾಳೆ.

ನಾನು ಹೋಗಿ ಪಕ್ಕದಲ್ಲಿ ಕೂತೆ. “ಕುಡಿಸಮ್ಮ, ಏನೂ ಆಗಲ್ಲ. ನಿನ್ನ ಹಾಲು ಚೆನ್ನಾಗೈತೆ,” ಎಂದೆ.

ಅವಳು ತಿರುಗಿ ನನ್ನನ್ನೇ ನೋಡಿದಳು. “ನಿಮ್ಮ ಸೊಸೆ ಹಾಲಲ್ಲಿ ಸತ್ವ ಇಲ್ಲ, ನೀರು ಅಂತ ಎಲೆ ಮುಂದೆ ಕೂತು ಹೇಳಿದೋರು ನೀವೇ ಅಲ್ವಾ ಅಕ್ಕಾ? ಅವತ್ತು ನಾನೂ ಪಂಕ್ತೀಲಿದ್ದೆ. ಇವತ್ತು ನನ್ನ ಹಾಲು ಚೆನ್ನಾಗೈತೆ ಅಂತೀರ. ಯಾವುದನ್ನ ನಂಬ್ಲಿ?”

ಈ ಊರಿನ ಎಷ್ಟೋ ಬಾಣಂತಿಯರಿಗೆ ಬುದ್ಧಿ ಹೇಳಿದವಳು ನಾನು. ಎದ್ದು ಬಂದೆ.

ರಂಜಿತ, ಸಾಮಾನು ಸಾಗಿಸಲು ಇನ್ನೂ ಹದಿನೈದು ದಿನ ಇದೆ ಎಂದು ನೀನು ಕಾಯಬೇಡ. ಆ ಕೂಸು ಅಷ್ಟು ದಿನ ಕಾಯುವುದಿಲ್ಲ. ಹರ್ಷಿತಳನ್ನು ಎತ್ತಿಕೊಂಡು ಮೊದಲ ಬಸ್ಸಿಗೇ ಹೊರಡು. ಸೂಲಿಬೆಲೆಯ ಮೇಲೆ ಬಾ, ಬೇಗ ಆಗುತ್ತದೆ. ಈ ಕಾಗದ ತಂದ ಭಾನು ನಿನ್ನ ಜೊತೆಗೇ ಬರುತ್ತಾನೆ. ಅಕ್ಷತಳ ಮನೆಯಲ್ಲಿ, ಅವಳ ಅತ್ತೆಯ ಮುಂದೆ, ಸೇರಿದವರೆಲ್ಲರ ಮುಂದೆ ಕೂತು ಮಗಳಿಗೆ ಕುಡಿಸು. ನಾನು ನಿನ್ನ ಪಕ್ಕದಲ್ಲಿ ಕೂರುತ್ತೇನೆ. ಅವತ್ತು ಪಂಕ್ತಿಯಲ್ಲಿದ್ದವರನ್ನೆಲ್ಲ ನಾನೇ ಕರೆದಿದ್ದೇನೆ.

ಹಾಲಿನ ವಿಷಯದಲ್ಲಿ ಈ ಊರು ಕೇಳಬೇಕಾದದ್ದು ನನ್ನ ಮಾತನ್ನಲ್ಲ, ನಿನ್ನದನ್ನು.

ನಿನ್ನ ಅತ್ತೆ,
ಅನುಸೂಯಮ್ಮ